ಮಗಳಿಗೆ ನಮ್ಮ ಕಡೆಯ ವಾದ್ಯ ಕಲಿಸಬೇಕು, ಯಾವುದರಿಂದ ಶುರು ಮಾಡಲಿ?

ಪ್ರಶ್ನೆ: ನಾವು ಜಮಖಂಡಿಯವರು. ಮಗಳಿಗೆ 11 ವರ್ಷ. ಕೀಬೋರ್ಡ್ ಕ್ಲಾಸಿಗೆ ಹೋಗುತ್ತಾಳೆ. ಅವಳ ಮುತ್ತಜ್ಜ ಭಜನೆಯಲ್ಲಿ ಏಕತಾರಿ ಹಿಡಿಯುತ್ತಿದ್ದರಂತೆ, ಅವಳಿಗೆ ಅದರ ಹೆಸರೂ ಗೊತ್ತಿಲ್ಲ. ನಮ್ಮ ಭಾಗದ ಒಂದಾದರೂ ವಾದ್ಯ ಅವಳ ಕೈಗೆ ಬರಲಿ ಅಂತ ಆಸೆ. ಯಾವುದರಿಂದ ಶುರು ಮಾಡಬೇಕು? ಯಾರ ಹತ್ತಿರ ಕಳಿಸಬೇಕು?

ಉತ್ತರ: ಇಂಥದ್ದೇ ಪ್ರಶ್ನೆ ಎಷ್ಟೋ ತಂದೆತಾಯಂದಿರು ಕೇಳುತ್ತಾರೆ. ನಾನು ಹೇಳುವುದು ಹಲಗಿ ಅನ್ನುವ ಚರ್ಮವಾದ್ಯದಿಂದ ಶುರು ಮಾಡಿ ಅಂತ. ಆದರೆ ಮೊದಲೇ ಹಲಗಿ ಕೊಂಡು ಮನೆಗೆ ತರಬೇಡಿ. ಅದನ್ನು ಬಾರಿಸುವ ಜಾಗಕ್ಕೆ ಮಗಳನ್ನು ಕರೆದುಕೊಂಡು ಹೋಗಿ. ಬಾರಿಸುವವರ ಪಕ್ಕದಲ್ಲಿ ಅವಳು ಸ್ವಲ್ಪ ಹೊತ್ತು ನಿಲ್ಲಲಿ. ನಮ್ಮ ವಾದ್ಯಗಳೆಲ್ಲ ಒಂದೊಂದು ಕೆಲಸಕ್ಕೆ ಹುಟ್ಟಿದವು: ಹಬ್ಬಕ್ಕೆ, ಜಾತ್ರೆಗೆ, ಮದುವೆಗೆ, ಭಜನೆಗೆ. ಆ ಕೆಲಸ ನೋಡದೆ ಸುಮ್ನೆ ವಾದ್ಯ ಕೈಗೆ ಕೊಟ್ಟರೆ ಮಕ್ಕಳಿಗೆ ನಾಲ್ಕು ದಿನದಲ್ಲಿ ಬೇಜಾರಾಗುತ್ತದೆ.

ಹಲಗಿಯೇ ಯಾಕೆ? ಕೈಗೆ ಬೇಗ ಒಲಿಯುತ್ತದೆ. ಒಂದು ದುಂಡನೆಯ ಚೌಕಟ್ಟು, ಅದರ ಒಂದು ಬದಿಗೆ ಬಿಗಿದ ಚರ್ಮ, ಎರಡು ಕೋಲು. ಒಂದು ಕೋಲು ತೆಳ್ಳಗೆ, ಉದ್ದ. ಇನ್ನೊಂದು ಗಿಡ್ಡ, ದಪ್ಪ. ಮೊದಲ ದಿನವೇ ಮಗು ಒಂದು ಸರಳ ಪೆಟ್ಟು ಹಾಕಬಲ್ಲದು. ಮಕ್ಕಳಿಗೆ ಬೇಕಾಗಿರುವುದು ಆ ಮೊದಲ ಖುಷಿಯೇ ಅಲ್ವಾ?

ಹೋಳಿ ಹೊತ್ತಿಗೆ ಬಾಗಲಕೋಟೆಗೆ ಬನ್ನಿ. ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ಸಂಜೆಯಾದರೆ ಓಣಿ ಓಣಿಗಳಲ್ಲಿ ಹಲಗಿ ಸದ್ದು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಒಂದು ಭಾಗ ಹೋಯಿತು, ಎಷ್ಟೋ ಮನೆಗಳು ನವನಗರಕ್ಕೆ ಬಂದವು. ಆದರೂ ಈ ಊರು ಹೋಳಿಯನ್ನು ಬಿಟ್ಟುಕೊಟ್ಟಿಲ್ಲ. ಅಲ್ಲಿ ನಿಮ್ಮ ಮಗಳಿಗೆ ಒಂದು ಕೆಲಸ ಹೇಳಿ: ಹಲಗಿ ಕಾಯಿಸುವುದನ್ನು ನೋಡು ಅಂತ. ಬಾರಿಸುವ ಮೊದಲು ಒಂದಿಷ್ಟು ಕಸಕಡ್ಡಿ ಹಚ್ಚಿ, ಹಲಗಿಯನ್ನು ಬೆಂಕಿಯ ಹತ್ತಿರ ಹಿಡಿಯುತ್ತಾರೆ. ಚರ್ಮ ಗಾಳಿಯ ತೇವ ಹೀರಿ ಸಡಿಲ ಆಗಿರುತ್ತದೆ. ಬಿಸಿ ತಾಗಿದಾಗ ಒಣಗಿ ಬಿಗಿಯಾಗುತ್ತದೆ, ಸದ್ದು ಏರುತ್ತದೆ. ಕಾಯಿಸುವ ಮುಂಚೆ ಒಂದು ಪೆಟ್ಟು, ಆಮೇಲೆ ಒಂದು ಪೆಟ್ಟು ಕೇಳಿಸಿದರೆ ಸಾಕು, ಶಾಲೆಯ ವಿಜ್ಞಾನದ ಪಾಠ ಅಲ್ಲೇ ಮುಗಿಯುತ್ತದೆ. ಈಗ ಪ್ಲಾಸ್ಟಿಕ್ ಹಾಳೆಯ ಹಲಗಿಗಳೂ ಬಂದಿವೆ. ಅವನ್ನು ಕಾಯಿಸಬೇಕಾಗಿಲ್ಲ, ಮಳೆಗೂ ಹೆದರುವುದಿಲ್ಲ. ಕಲಿಯಲು ಅದಾದರೂ ಸರಿ, ಆದರೆ ಚರ್ಮದ ಸದ್ದನ್ನು ಮಗಳು ಒಮ್ಮೆಯಾದರೂ ಕೇಳಿರಲಿ. ಬಾರಿಸುವವರಲ್ಲಿ ಹುಡುಗರೇ ಜಾಸ್ತಿ. ಹುಡುಗಿ ಅಂತ ನೀವು ಹಿಂಜರಿಯಬೇಡಿ. ಮೊಹರಂ ಹೊತ್ತಿಗೆ ಹಳ್ಳಿಗಳಲ್ಲಿ ಇದೇ ಹಲಗಿ ಹೆಜ್ಜೆ ಕುಣಿತಕ್ಕೂ ಬೇಕು. ಅಲ್ಲಿ ಹಿಂದೂ, ಮುಸ್ಲಿಂ ಎರಡೂ ಮನೆಯವರು ಸೇರಿ ಹೆಜ್ಜೆ ಹಾಕುವುದನ್ನೂ ಅವಳು ನೋಡಲಿ.

ಇನ್ನೊಂದು ಮಾತನ್ನು ಮಕ್ಕಳಿಂದ ಮುಚ್ಚಿಡಬಾರದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಚರ್ಮ ಹದ ಮಾಡಿ, ಹಲಗಿ ಕಟ್ಟಿ, ತಲೆತಲಾಂತರದಿಂದ ಬಾರಿಸಿಕೊಂಡು ಬಂದವರು ಬಹುಪಾಲು ಮಾದಿಗ ಸಮುದಾಯದವರು. ಡಂಗುರ ಸಾರಲು, ಹೆಣದ ಮುಂದೆ ಬಾರಿಸಲು ಊರು ಅವರನ್ನು ಕರೆಯಿತು. ಗುಡಿಯ ಒಳಗೆ ಬಿಡಲಿಲ್ಲ. ಆ ನೋವಿನಿಂದಲೇ ಕೆಲವು ಮನೆಗಳ ಮಕ್ಕಳು ಇವತ್ತು ಹಲಗಿ ಮುಟ್ಟುವುದಿಲ್ಲ. ಅದು ಅವರ ಹಕ್ಕು. ನಮ್ಮ ಸಂಸ್ಕೃತಿ, ನಮ್ಮ ಪರಂಪರೆ ಅಂತ ನಾವು ಹೆಮ್ಮೆಪಡುವಾಗ ಅದನ್ನು ಉಳಿಸಿದವರ ಹೆಸರನ್ನೂ ಹೇಳಬೇಕು. ಹನ್ನೊಂದು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ.

ಹಾಗಾಗಿ ಯಾರ ಹತ್ತಿರ ಕಳಿಸಬೇಕು ಅಂದರೆ, ನಿಮ್ಮ ಊರಲ್ಲೇ ಹಬ್ಬ ಜಾತ್ರೆಗೆ ಬಾರಿಸುವ ಹಿರಿಯರ ಹತ್ತಿರ. ಕೀಬೋರ್ಡ್ ಟೀಚರಿಗೆ ತಿಂಗಳ ಫೀ ಕೊಡುತ್ತೀರಲ್ಲ, ಇವರಿಗೂ ಹಾಗೇ ಮಾತಾಡಿ ಫೀ ಕೊಡಿ. ಹಬ್ಬಕ್ಕೊಂದು ಟವೆಲ್ ಹೊದಿಸಿದರೆ ಸಾಲದು. ಮನೆಗೆ ಬಂದಾಗ ಕುರ್ಚಿ ಕೊಡಿ, ನೀವು ಕುಡಿಯುವ ಕಪ್ಪಿನಲ್ಲೇ ಚಹಾ ಕೊಡಿ. ಮಗಳು ಅವರನ್ನು ಗುರುಗಳೇ ಅಂತ ಕರೆಯಲಿ. ವಾದ್ಯದ ಪಾಠ ಇಲ್ಲಿಂದಲೇ ಶುರುವಾಗುತ್ತದೆ. ಒಂದು ಎಚ್ಚರಿಕೆ: ಅಭ್ಯಾಸ ಬಯಲಲ್ಲಿ ಆಗಲಿ. ಚಿಕ್ಕ ಕೋಣೆಯಲ್ಲಿ ಹಲಗಿಯ ಸದ್ದು ಮಕ್ಕಳ ಕಿವಿಗೆ ಒಳ್ಳೆಯದಲ್ಲ.

ಯಲ್ಲಮ್ಮನ ಹಾಡಿಗೆ ನುಡಿಸುವ ಚೌಡಿಕೆಯ ಬಗ್ಗೆಯೂ ಕೆಲವರು ಕೇಳುತ್ತಾರೆ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಹೋದರೆ ಕೇಳಲು ಸಿಗುತ್ತದೆ. ಒಂದೇ ತಂತಿ, ಆದರೆ ಕತೆ ಹೇಳುವವರ ದನಿಯ ಜೊತೆಗೇ ನಡೆಯುತ್ತದೆ. ಈ ವಾದ್ಯ ಹಿಡಿದ ಎಷ್ಟೋ ಹೆಣ್ಣುಮಕ್ಕಳನ್ನು ಚಿಕ್ಕ ವಯಸ್ಸಿನಲ್ಲೇ ದೇವರ ಹೆಸರಲ್ಲಿ ಬಿಡಲಾಗಿತ್ತು. ಕರ್ನಾಟಕ ಈ ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆಯಿಂದ ನಿಷೇಧಿಸಿತು. ಆ ಪದ್ಧತಿ ಹೋಗಲೇಬೇಕಿತ್ತು, ಆ ಹಾಡು ಉಳಿಯಬೇಕು. ಮಗಳು ಇನ್ನೂ ಚಿಕ್ಕವಳು, ಈಗ ಕೇಳಿಸಿಕೊಳ್ಳಲಿ. ಉಳಿದ ಕತೆಯನ್ನು ಬೆಳೆದಂತೆ ಹೇಳಿ.

ಶಹನಾಯಿಯಂಥ ಊದುವ ವಾದ್ಯ ಸನಾದಿ ಈಗಲೇ ಬೇಡ. ಉಸಿರು ಕಡಿಯದಂತೆ ಊದಬೇಕು, ಕೆನ್ನೆ ತುಟಿಗಳ ಹಿಡಿತ ಬೇಕು. ಹೈಸ್ಕೂಲು ಮುಟ್ಟಿದ ಮೇಲೆ ನೋಡೋಣ. ಅಷ್ಟರವರೆಗೆ ಯಾವುದಾದರೂ ಮದುವೆಯಲ್ಲಿ ಕರಡಿ ಮಜಲು, ಅಂದರೆ ಕರಡಿ ಅನ್ನುವ ಚರ್ಮವಾದ್ಯ ಮತ್ತು ಸನಾದಿಯ ಮೇಳ ಸಿಕ್ಕರೆ ಊಟ ತಡವಾದರೂ ಪರವಾಗಿಲ್ಲ, ನಿಂತು ಕೇಳಿ. ಡೊಳ್ಳು ಕೇಳಲು ವಿಜಯಪುರದ ಹತ್ತಿರದ ಅರಕೇರಿ ಅಮೋಘಸಿದ್ಧನ ಜಾತ್ರೆಗೆ ಹೋಗಿ, ಸಂಬಾಳ ಅನ್ನುವ ಜೋಡಿ ಚರ್ಮವಾದ್ಯ ಕೇಳಲು ದೇವಿಯ ಕತೆ ಹಾಡುವ ಗೊಂದಲಿಗರ ಮನೆಗಳಿಗೆ.

ರಜೆಯಲ್ಲಿ ಎಲ್ಲಿಗಾದರೂ ಹೋಗುವುದಿದ್ದರೆ ಎರಡು ಜಾಗ ಹೇಳುತ್ತೇನೆ. ಬಾದಾಮಿಯ 1ನೇ ಗುಹೆಯಲ್ಲಿ 18 ಕೈಗಳ ನಟರಾಜ ಇದ್ದಾನೆ. ಎಲ್ಲರೂ ಕೈಗಳನ್ನು ಎಣಿಸಿ ಮುಂದೆ ಹೋಗುತ್ತಾರೆ. ನೀವು ಕೆಳಗೆ ನೋಡಿ, ಅಲ್ಲೊಬ್ಬ ವಾದ್ಯ ಬಾರಿಸುತ್ತಾ ಕೂತಿದ್ದಾನೆ. 6ನೇ ಶತಮಾನದ ಕಲ್ಲು ಅದು. ಇನ್ನೊಂದು ವಿಜಯಪುರದ ಗೋಳಗುಮ್ಮಟ. ಅದರ ಎದುರಿನ ಮ್ಯೂಸಿಯಂ ಇರುವ ಕಟ್ಟಡವೇ ನಗಾರಖಾನೆ, ಅಂದರೆ ನಗಾರಿ ಬಾರಿಸಲು ಕಟ್ಟಿಸಿದ್ದು. ಇದೇ ಊರನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹನಿಗೆ ಸಂಗೀತದ ಹುಚ್ಚು. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ. ವಾದ್ಯಕ್ಕೆ ಮನುಷ್ಯರ ಹೆಸರಿಟ್ಟ ಬಾದಶಹನ ಕತೆ ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ.

ಕೀಬೋರ್ಡ್ ಬಿಡಿಸಬೇಡಿ. ಅದೇ ಬೆರಳು ಪೇಟಿಗೂ ಬರುತ್ತದೆ. ಹಾರ್ಮೋನಿಯಂ ಹೊರಗಿನಿಂದ ಬಂದ ವಾದ್ಯ, ಆದರೆ ನಮ್ಮ ಭಜನೆ, ಬಯಲಾಟ ಎರಡರಲ್ಲೂ ಸೇರಿಹೋಗಿದೆ. 1917ರಲ್ಲಿ ಕಾಗವಾಡದಲ್ಲಿ ಹುಟ್ಟಿದ ಪಂಡಿತ ರಾಮಭಾವು ಬಿಜಾಪುರೆ ಬೆಳಗಾವಿಯಲ್ಲಿ ನೆಲೆಸಿ, ಅದೇ ಪೇಟಿಯಿಂದ ದೇಶದ ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟರು. ನಿಮ್ಮ ಓಣಿಯ ಗುಡಿಯಲ್ಲಿ ಭಜನೆ ನಡೆಯುವುದಿದ್ದರೆ ಶ್ರಾವಣದಲ್ಲಿ ಮಗಳನ್ನು ಕರೆದುಕೊಂಡು ಹೋಗಿ ಕೂರಿಸಿ. ಮೊದಲು ತಾಳ ಕೊಡುತ್ತಾರೆ, ಆಮೇಲೆ ದಮ್ಮಡಿ ಅನ್ನುವ ಸಣ್ಣ ಚರ್ಮವಾದ್ಯ. ಮುತ್ತಜ್ಜ ಹಿಡಿಯುತ್ತಿದ್ದ ಏಕತಾರಿಯೂ ಅಲ್ಲಿಯೇ ಸಿಗಬಹುದು.

ಹೋಳಿ ಇನ್ನೂ ದೂರ ಇದೆ ಅಂದರೆ ಈ ಭಾನುವಾರವೇ ಮಾಡಬಹುದಾದ ಒಂದು ಕೆಲಸ ಇದೆ. ತುಂತುಣಿ ಮಾಡಿ. ಗೀಗೀ ಅನ್ನುವ ಪಲ್ಲವಿ ಹಿಡಿದು ಹಾಡುವ ಗೀಗೀ ಪದದವರು ದಪ್ಪು ಅನ್ನುವ ಚರ್ಮವಾದ್ಯದ ಜೊತೆ ನುಡಿಸುವ ಒಂಟಿ ತಂತಿಯ ವಾದ್ಯ ಅದು. ರಾಮದುರ್ಗ ತಾಲ್ಲೂಕಿನ ಹುಲಕುಂದದ ಮೇಳದವರು ಸ್ವಾತಂತ್ರ್ಯ ಚಳವಳಿಯಲ್ಲಿ ಇಂಥದ್ದೇ ಹಿಮ್ಮೇಳ ಇಟ್ಟುಕೊಂಡು ಊರೂರಲ್ಲಿ ಬ್ರಿಟಿಷರ ವಿರುದ್ಧ ಹಾಡಿದರು. ಒಂದು ಖಾಲಿ ತಗಡಿನ ಡಬ್ಬಿ ತೆಗೆದುಕೊಳ್ಳಿ. ಬಾಯಿ ತೆರೆದಿರಲಿ. ತಳದ ನಡುವೆ ಮೊಳೆಯಿಂದ ತೂತು ಮಾಡಿ. ತೆಳು ತಂತಿಗೆ ಒಂದು ಗುಂಡಿ ಕಟ್ಟಿ, ಹೊರಗಿನಿಂದ ಒಳಕ್ಕೆ ಪೋಣಿಸಿ, ಡಬ್ಬಿಯ ಬಾಯಿಯಿಂದ ಮೇಲಕ್ಕೆ ಎಳೆಯಿರಿ. ಡಬ್ಬಿಯ ಬದಿಗೆ ಬಿದಿರಿನ ಕೋಲನ್ನು ಗಟ್ಟಿಯಾಗಿ ಕಟ್ಟಿ, ತಂತಿಯ ಇನ್ನೊಂದು ತುದಿಯನ್ನು ಕೋಲಿನ ತಲೆಗೆ ಬಿಗಿಯಿರಿ. ಡಬ್ಬಿಯ ಬಾಯಿಯ ಅಂಚು ಚೂಪಾಗಿದ್ದರೆ ಬಟ್ಟೆ ಸುತ್ತಿ. ಮೀಟಿದಾಗ ಸದ್ದು ಮಂದ ಅನಿಸಿದರೆ ತಂತಿ ಇನ್ನಷ್ಟು ಬಿಗಿ ಮಾಡಿ, ಮಗಳೇ ಎಳೆದು ಸಡಿಲಿಸಿ ತನಗೆ ಬೇಕಾದ ಸ್ವರ ಹುಡುಕಲಿ. ಒಂದು ವೇಳೆ ಅದು ಕೀಬೋರ್ಡಿನ ಯಾವ ಕೀಗೆ ಹೊಂದುತ್ತದೆ ಅಂತ ಅವಳೇ ನೋಡಲು ಹೊರಟರೆ, ಬಿಟ್ಟುಬಿಡಿ, ಹುಡುಕಿಕೊಳ್ಳಲಿ.