ಗುಡ್ಡೆ ಹತ್ತುವಾಗ ಹಿಂದೆ ಉಳಿಯುವ ಹುಡುಗಿ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಎಷ್ಟೋ ಮಕ್ಕಳಿಗೆ ಶಾಲೆಗೆ ಹೋಗುವುದೇ ಒಂದು ವ್ಯಾಯಾಮ. ಮನೆ ಕೆಳಗೆ ತೋಟದಲ್ಲಿ, ಬಸ್ಸು ಮೇಲೆ ಗುಡ್ಡೆಯಲ್ಲಿ. ಉಳಿದವರು ಪಟ್ಟಾಂಗ ಹೊಡೆಯುತ್ತಾ ಹತ್ತುವಾಗ ಒಬ್ಬಳು ಮಾತ್ರ ಅಲ್ಲಲ್ಲಿ ನಿಂತು ಉಸಿರು ತೆಗೆಯುತ್ತಾಳೆ. ಕ್ಲಾಸಿನಲ್ಲೇ ಗಿಡ್ಡ ಅವಳು. ‘ಉದಾಸೀನ ಜಾಸ್ತಿ’ ಅಂದುಬಿಡುತ್ತಾರೆ ಮನೆಯವರು. ರಕ್ತ ಕಮ್ಮಿ ಇದ್ದರೂ ಹೀಗಾಗುತ್ತದೆ, ನಿಜ. ಆದರೆ ಹುಡುಗಿ ಗಿಡ್ಡವೂ ಇದ್ದರೆ ಟರ್ನರ್ ಸಿಂಡ್ರೋಮ್ ಇದೆಯೇ ಅಂತ ನೋಡಲೇಬೇಕು.

ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ ಎರಡು ಎಕ್ಸ್ ಕ್ರೋಮೋಸೋಮ್ (ವರ್ಣತಂತು) ಇರುತ್ತವೆ. ಟರ್ನರ್ ಇರುವವರಲ್ಲಿ ಒಂದು ಪೂರ್ತಿಯಾಗಿಯೇ ಇಲ್ಲ, ಅಥವಾ ಅದರ ಒಂದು ಭಾಗ ಇಲ್ಲ. ಸುಮಾರು 2,000ದಿಂದ 2,500 ಹೆಣ್ಣುಶಿಶುಗಳಲ್ಲಿ ಒಬ್ಬಳಿಗೆ ಹೀಗಾಗುತ್ತದೆ. ಅಮೆರಿಕದ ವೈದ್ಯ ಹೆನ್ರಿ ಟರ್ನರ್ ಇದರ ಲಕ್ಷಣಗಳನ್ನು ಬರೆದದ್ದು 1938ರಲ್ಲಿ. ಕ್ರೋಮೋಸೋಮಿನ ಲೆಕ್ಕ ಗೊತ್ತಾದದ್ದು 1959ರಲ್ಲಿ. ತಾಯಿ ಏನು ತಿಂದಳು, ಯಾರ ದೋಷ ಎಂಬ ಮಾತಿಗೆ ಇಲ್ಲಿ ಅರ್ಥವೇ ಇಲ್ಲ.

ದೇಹದ ದಮ್ಮು ಅಳೆಯಲು ಟ್ರೆಡ್‌ಮಿಲ್ ಮೇಲೆ ಓಡಿಸಿ, ಮುಖಕ್ಕೆ ಮಾಸ್ಕ್ ಹಾಕಿ, ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸುತ್ತಾಳೆ ಅಂತ ನೋಡುತ್ತಾರೆ. ಈ ಹುಡುಗಿಯರಲ್ಲಿ ಅದು ಸರಾಸರಿ ಕಮ್ಮಿಯೇ. ಆದರೆ ಯಾರಿಗೆ ಹೋಲಿಸಿ ಕಮ್ಮಿ? ತನಗಿಂತ ಒಂದು ಗೇಣು ಎತ್ತರವಿರುವ ಸಹಪಾಠಿಗೆ ಹೋಲಿಸಿದರೆ ಕಮ್ಮಿ ಬರದೆ ಇನ್ನೇನು ಬರುತ್ತದೆ? ಪುಟ್ಟ ದೇಹಕ್ಕೆ ಪುಟ್ಟ ಶ್ವಾಸಕೋಶ, ಪುಟ್ಟ ಹೃದಯ. ಸರಿ, ತೂಕದಿಂದ ಭಾಗಿಸೋಣ ಅಂದರೆ ಇನ್ನೊಂದು ತೊಡಕು. ಇವರಲ್ಲಿ ಸ್ನಾಯು ಕಮ್ಮಿ, ಕೊಬ್ಬು ಜಾಸ್ತಿ ಇರುವುದುಂಟು. ಓಡುವಾಗ ಆಮ್ಲಜನಕ ಉರಿಸುವುದು ಸ್ನಾಯು, ಕೊಬ್ಬಲ್ಲ. ಆಗಲೂ ಅವಳು ಇರುವುದಕ್ಕಿಂತ ಬಲಹೀನಳಾಗಿ ಕಾಣುತ್ತಾಳೆ. ಹಾಗಂತ ಸುಸ್ತೆಲ್ಲ ಬರೀ ಲೆಕ್ಕದ ಆಟವೂ ಅಲ್ಲ. ಬಿಪಿ, ಥೈರಾಯ್ಡ್, ಹೃದಯದ ಕವಾಟ ಎಲ್ಲಾದರೂ ತೊಂದರೆ ಇರಬಹುದು.

ಮಹಾಧಮನಿಯ ವಿಷಯದಲ್ಲಿ ಇದೇ ಲೆಕ್ಕ ತಿರುಗುಮುರುಗು. ಹೃದಯದಿಂದ ಹೊರಡುವ ಈ ದೊಡ್ಡ ರಕ್ತನಾಳ ಟರ್ನರ್ ಇರುವವರಲ್ಲಿ ಹಿಗ್ಗಬಹುದು, ಅಪರೂಪಕ್ಕೆ ಅದರ ಗೋಡೆ ಸೀಳಲೂಬಹುದು. 3.5 ಸೆಂಟಿಮೀಟರ್ ಅಗಲ ಅಂದರೆ ಎತ್ತರದ ಗಂಡಸಿಗೆ ಏನೂ ಅಲ್ಲ. ಅದನ್ನೇ ಮೈಯ ಒಟ್ಟು ಹೊರಮೈ 1.4 ಚದರ ಮೀಟರ್ ಇರುವ ಯುವತಿಯಲ್ಲಿ ಆ 1.4ರಿಂದ ಭಾಗಿಸಿದರೆ 2.5 ಬರುತ್ತದೆ. ಅದು ಅಪಾಯದ ಗಡಿ. ಭಾಗಿಸದೆ ‘ನಾರ್ಮಲ್’ ಅಂದರೆ ಮೋಸ ಹೋದಂತೆಯೇ. ಅದಕ್ಕೇ ಆಟಕ್ಕೆ ಇಳಿಸುವ ಮೊದಲು ಎಕೋ (ಹೃದಯದ ಸ್ಕ್ಯಾನ್), ಬೇಕಿದ್ದರೆ ಎಂಆರ್‌ಐ. ಮಂಗಳೂರಿಗೆ ಹೋಗುವ ಒಂದು ದಿನದ ಬಸ್ಸು ಚಾರ್ಜು ದಂಡವಾಗುವುದಿಲ್ಲ.

ಸ್ಕ್ಯಾನ್ ಸರಿ ಇದ್ದರೆ ಓಡಲಿ, ಈಜಲಿ, ಸೈಕಲ್ ತುಳಿಯಲಿ. ಕುಂಬಳೆಯ ಸುತ್ತ ಯಕ್ಷಗಾನದ ಹೆಜ್ಜೆ ಕಲಿಯಲು ಅವಕಾಶ ಇದೆ, ಶಾಲಾ ಕಲೋತ್ಸವದಲ್ಲೂ ಅದಕ್ಕೆ ಜಾಗ ಉಂಟು. ದಮ್ಮು ಬೆಳೆಸಲು ಅದೇನು ಕಮ್ಮಿಯೇ? ಹೆದರಿ ಮೂಲೆಯಲ್ಲಿ ಕೂರಿಸಿದರೆ ತೂಕ, ಸಕ್ಕರೆ ಕಾಯಿಲೆ, ಬಿಪಿ ಮೂರೂ ಕಾಡಬಹುದು. ಮಹಾಧಮನಿ ಹಿಗ್ಗಿದ್ದರೆ ಮಾತ್ರ ಉಸಿರು ಬಿಗಿಹಿಡಿದು ಭಾರ ಎತ್ತುವ ಕೆಲಸ ಬೇಡ, ಬಾವಿಯ ತುಂಬಿದ ಕೊಡಪಾನವೂ ಬೇಡ. ನಡಿಗೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಎಷ್ಟು ಜೋರು ಎಂಬುದನ್ನು ಹೃದಯದ ಡಾಕ್ಟರೇ ಹೇಳಬೇಕು.