ಫ್ರೀಬಿಎಸ್‌ಡಿ: ರೂಟ್‌ನ ಲಾಗಿನ್ ಶೆಲ್ ಬದಲಿಸುವ ಮುನ್ನ

ಲಿನಕ್ಸ್ ರೂಢಿಯಾದವರು ಯುನಿಕ್ಸ್ ಮಾದರಿಯ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಫ್ರೀಬಿಎಸ್‌ಡಿಗೆ ಬಂದ ಕೂಡಲೇ, ಪೂರ್ಣ ಅಧಿಕಾರದ ರೂಟ್ ಖಾತೆಗೂ ತಮಗೆ ಪರಿಚಿತ ಶೆಲ್ (ಟೈಪ್ ಮಾಡಿದ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಆದ ಬ್ಯಾಶ್ ಹಾಕಿಕೊಳ್ಳಲು ಹೊರಡುತ್ತಾರೆ. 13ನೇ ಆವೃತ್ತಿಯವರೆಗೆ ರೂಟ್‌ಗೆ ಸಿ ಶೆಲ್ ಇತ್ತು. 2023ರ ನವೆಂಬರ್‌ನಲ್ಲಿ ಬಂದ 14.0ರಿಂದ /ಬಿನ್/ಎಸ್‌ಎಚ್ (/bin/sh) ಎಂಬ ಶೆಲ್ ಇದೆ. ಬದಲಿಸಲು ಸಿಎಚ್‌ಎಸ್‌ಎಚ್ (chsh) ಎಂಬ ಒಂದೇ ಕಮಾಂಡ್ ಸಾಕು. ಆದರೂ ರೂಟ್‌ನ ಶೆಲ್ ಮುಟ್ಟಬೇಡಿ ಎಂದೇ ನಾನು ಹೇಳುವುದು.

ಕಾರಣ ಬ್ಯಾಶ್ ಇರುವ ಜಾಗ. ಅದು ಮೂಲ ವ್ಯವಸ್ಥೆಗೆ ಸೇರಿದ್ದಲ್ಲ; ಪ್ಯಾಕೇಜ್ ಆಗಿ ಬಂದು /ಯುಎಸ್‌ಆರ್/ಲೋಕಲ್/ಬಿನ್ ಒಳಗೆ ಕೂರುತ್ತದೆ. ಅದು ನೆಚ್ಚಿಕೊಂಡ ಲೈಬ್ರರಿಗಳಲ್ಲೂ ಕೆಲವು /ಯುಎಸ್‌ಆರ್/ಲೋಕಲ್ ಒಳಗೇ ಇರುತ್ತವೆ. ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳನ್ನು ತೋರಿಸುವ ಎಲ್‌ಡಿಡಿ (ldd) ಕಮಾಂಡ್ ಓಡಿಸಿದರೆ ಪಟ್ಟಿ ಕಣ್ಣಿಗೇ ಕಾಣುತ್ತದೆ. ಪ್ಯಾಕೇಜ್ ಅಪ್‌ಗ್ರೇಡ್ ನಡುವೆ ಕೈಕೊಟ್ಟು ಅದರಲ್ಲೊಂದು ಲೈಬ್ರರಿ ಕಾಣೆಯಾದರೆ ಬ್ಯಾಶ್ ಏಳುವುದಿಲ್ಲ. ಬ್ಯಾಶ್ ಏಳದಿದ್ದರೆ ರೂಟ್ ಆಗಿ ಒಳಹೋಗಲು ಆಗುವುದಿಲ್ಲ.

ಯಂತ್ರ ಎದುರಿಗಿದ್ದರೆ ದುರಸ್ತಿಗೆಂದು ಬೂಟ್ ಮಾಡುವ ಸಿಂಗಲ್ ಯೂಸರ್ ಮೋಡ್ ಇದೆ: ಯಾವ ಶೆಲ್ ಬೇಕೆಂದು ಅದೇ ಕೇಳುತ್ತದೆ, ಎಂಟರ್ ಒತ್ತಿದರೆ /ಬಿನ್/ಎಸ್‌ಎಚ್ ಬರುತ್ತದೆ. ದೂರದ ಸರ್ವರ್ ಆಗಿದ್ದು ಕನ್ಸೋಲ್ ಸಿಗದಿದ್ದರೆ ಪಾಡು ಕಷ್ಟ. ಆಗ ಹೊಳೆಯುವ ಉಪಾಯ, ಸಾಮಾನ್ಯ ಖಾತೆಯಿಂದ ರೂಟ್ ಆಗುವ ಎಸ್‌ಯು -ಎಂ (su -m) ಕಮಾಂಡ್. ಇದು ರೂಟ್‌ನ ಶೆಲ್ ಬಿಟ್ಟು ನಿಮ್ಮದೇ ಶೆಲ್ ಅನ್ನು ರೂಟ್ ಅಧಿಕಾರದಲ್ಲಿ ತೆರೆಯುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ, ಚೆನ್ನಾಗಿ ಗಮನಿಸಿ. ರೂಟ್‌ನ ಶೆಲ್, ಮಾನ್ಯ ಶೆಲ್‌ಗಳನ್ನು ಬರೆದಿಡುವ /ಇಟಿಸಿ/ಶೆಲ್ಸ್ (/etc/shells) ಪಟ್ಟಿಯಲ್ಲಿ ಇಲ್ಲದಿದ್ದರೆ ಸಾಮಾನ್ಯ ಬಳಕೆದಾರನಿಗೆ ಇದೂ ನಡೆಯುವುದಿಲ್ಲ. ಬ್ಯಾಶ್ ಪ್ಯಾಕೇಜ್ ತೆಗೆದರೆ ಪಟ್ಟಿಯಲ್ಲಿನ ಅದರ ಸಾಲೂ ಹೋಗುತ್ತದೆ. ಅಲ್ಲಿಗೆ ಆ ಬಾಗಿಲೂ ಮುಚ್ಚಿತು.

ಹಾಗಾದರೆ ಬ್ಯಾಶ್ ಬೇಕೆನ್ನುವವರಿಗೆ? ಅದಕ್ಕೆಂದೇ ‘ಟೂರ್’ (toor) ಖಾತೆ ಇದೆ. ಇದರ ಯುಐಡಿಯೂ (ಬಳಕೆದಾರನ ಗುರುತು ಸಂಖ್ಯೆ) ರೂಟ್‌ನಂತೆ ಸೊನ್ನೆ, ಅಂದರೆ ಅಧಿಕಾರ ರೂಟ್‌ನಷ್ಟೇ. ಮೊದಲಿಗೆ ಪಾಸ್‌ವರ್ಡ್ ಇಲ್ಲದೆ ನಿಷ್ಕ್ರಿಯವಾಗಿರುತ್ತದೆ. ಗಟ್ಟಿ ಪಾಸ್‌ವರ್ಡ್ ಕೊಟ್ಟು ಬ್ಯಾಶ್ ಅನ್ನು ಇದಕ್ಕೆ ಹಚ್ಚಿ. ರೂಟ್ ತನ್ನ ಪಾಡಿಗೆ ಇರಲಿ. ಅಪರೂಪಕ್ಕೆ ಬೇಕಾಗುವವರು ರೂಟ್ ಆದ ಮೇಲೆ ಬ್ಯಾಶ್ ಎಂದು ಟೈಪ್ ಮಾಡಿದರೂ ಆಯಿತು.

ಕೈಯಿಂದಲೇ ತಿದ್ದುವುದಾದರೆ ಖಾತೆಗಳ ವಿವರವಿರುವ /ಇಟಿಸಿ/ಪಾಸ್‌ವರ್ಡ್ (/etc/passwd) ಕಡತವನ್ನು ನೇರವಾಗಿ ತೆರೆಯಬೇಡಿ. ಅಸಲಿ ಕಡತ ಮಾಸ್ಟರ್ ಪಾಸ್‌ವರ್ಡ್ (master.passwd). ಅದರಲ್ಲಿ ಶೆಲ್ ಇರುವುದು ಸಾಲಿನ ಕೊನೆಯ, ಹತ್ತನೆಯ ಅಂಕಣದಲ್ಲಿ. ವಿಐಪಿಡಬ್ಲ್ಯೂ (vipw) ಕಮಾಂಡ್ ಮೂಲಕ ತಿದ್ದಿದರೆ ಖಾತೆಗಳ ಡೇಟಾಬೇಸ್ ಕೂಡ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಬದಲಾವಣೆ ಮಾಡಿದ ಟರ್ಮಿನಲ್‌ನಿಂದ ಆಗಲೇ ಹೊರಬರಬೇಡಿ, ಇನ್ನೊಂದರಲ್ಲಿ ಲಾಗಿನ್ ಆಗುತ್ತದೆಯೇ ಎಂದು ನೋಡಿಕೊಂಡು ಆಮೇಲೆ ಮುಚ್ಚಿ.