ಮನಸ್ಸಿನ ಕಾಯಿಲೆಗೆ ಊರಲ್ಲೇ ಚಿಕಿತ್ಸೆ: ಬಳ್ಳಾರಿ ತೋರಿಸಿದ ದಾರಿ

ನಮ್ಮ ಕಡೆ ಯಾರಿಗಾದರೂ ತಲೆ ಕೆಟ್ಟಿದೆ ಅಂದರೆ ಎರಡೇ ಊರಿನ ಹೆಸರು ಬರುತ್ತಿತ್ತು. ಒಂದು ಧಾರವಾಡ, ಇನ್ನೊಂದು ಬೆಂಗಳೂರು. ‘ಇವನ್ನ ಧಾರವಾಡಕ್ಕೆ ಕಳಿಸಬೇಕು’ ಅನ್ನೋದು ಬೈಗುಳವೇ ಆಗಿಬಿಟ್ಟಿತ್ತು. ಆದರೆ ನಿಜವಾಗಿಯೂ ಕಳಿಸಬೇಕಾಗಿ ಬಂದ ಮನೆಯವರ ಪಾಡು ಬೇರೆ. ಸಿರುಗುಪ್ಪದಿಂದಲೋ ಕೂಡ್ಲಿಗಿಯಿಂದಲೋ ಬೆಂಗಳೂರಿಗೆ ಒಂದು ರಾತ್ರಿಯ ಪ್ರಯಾಣ. ನಾಲ್ಕು ದಿನದಿಂದ ನಿದ್ದೆಯಿಲ್ಲದೆ ಕೂಗಾಡುತ್ತಿರುವ ಮಗನನ್ನು ಬಸ್ಸು ಹತ್ತಿಸುವುದು ಹೇಗೆ? ಜೊತೆಗೆ ಇಬ್ಬರು ಗಂಡಸರು ಬೇಕು. ಅವರ ಕೂಲಿ ಹೋಗುತ್ತದೆ. ಅಲ್ಲಿ ಉಳಿದುಕೊಳ್ಳುವುದೆಲ್ಲಿ? ಹಾಗಾಗಿ ಎಷ್ಟೋ ಜನ ಹೋಗಲೇ ಇಲ್ಲ. ಗುಡಿಗೆ ಹೋದರು, ದರ್ಗಾಕ್ಕೆ ಹೋದರು, ತಾಯತ ಕಟ್ಟಿಸಿದರು. ಏನೂ ಆಗದಿದ್ದಾಗ ಕೆಲವರು ಮಕ್ಕಳನ್ನು ದನದ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದರು. ಅವರನ್ನು ಕಟುಕರು ಅನ್ನೋದು ಸುಲಭ. ಬೇರೆ ದಾರಿಯೇ ಕಾಣಲಿಲ್ಲ ಅನ್ನೋದೇ ಹೆಚ್ಚು ನಿಜ.

ಆ ಬೇರೆ ದಾರಿಯನ್ನು ದೇಶಕ್ಕೆ ತೋರಿಸಿದ್ದು ಇದೇ ಬಳ್ಳಾರಿ. ನಮ್ಮವರಿಗೇ ಇದು ಜಾಸ್ತಿ ಗೊತ್ತಿಲ್ಲ.

ಹಳೆಯ ಕಾನೂನಿಗೆ ಮನಸ್ಸಿನ ಕಾಯಿಲೆ ಅಂದರೆ ಗೋಡೆಯೊಳಗಿನ ವಿಷಯ. ಬ್ರಿಟಿಷರು 1858ರಲ್ಲಿ ಅದಕ್ಕಾಗಿ ಕಾಯ್ದೆಗಳನ್ನು ತಂದರು, 1912ರಲ್ಲಿ ಇನ್ನೊಂದನ್ನು ಮಾಡಿದರು. ಬಹಳಷ್ಟು ಜನ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಒಳಗೆ ಹೋಗುತ್ತಿದ್ದರು. ಒಳಗೆ ಹೋದವರಲ್ಲಿ ಎಷ್ಟೋ ಮಂದಿ ಅಲ್ಲೇ ಮುದುಕರಾದರು. ಮೊದಲ ಬಿರುಕು ಬಿದ್ದದ್ದು 1950ರ ದಶಕದಲ್ಲಿ, ದೂರದ ಅಮೃತಸರದಲ್ಲಿ. ಅಲ್ಲಿನ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಮನೆಯವರನ್ನೂ ಜೊತೆಗೇ ಇರಿಸಿಕೊಂಡರು. ಅಮ್ಮನೋ ಅಣ್ಣನೋ ಪಕ್ಕದಲ್ಲಿ ಕೂತು ಊಟ ಮಾಡಿಸುತ್ತಿದ್ದರು. ಕಾಯಿಲೆ ಹೇಗಿರುತ್ತದೆ, ಹೇಗೆ ಕಡಿಮೆಯಾಗುತ್ತದೆ ಅನ್ನೋದನ್ನು ಕಣ್ಣಾರೆ ನೋಡುತ್ತಿದ್ದರು. ಜನ ಬೇಗ ಚೇತರಿಸಿಕೊಂಡು ಮನೆಗೆ ಹೊರಟರು.

1970ರ ದಶಕದಲ್ಲಿ ಇನ್ನೊಂದು ಹೆಜ್ಜೆ. ರೋಗಿ ಆಸ್ಪತ್ರೆಗೆ ಬರುವ ಬದಲು ಚಿಕಿತ್ಸೆಯೇ ಹಳ್ಳಿಗೆ ಹೋದರೆ ಹೇಗೆ? ಚಂಡೀಗಢದ ವೈದ್ಯರು ಹರಿಯಾಣದ ರಾಯ್‌ಪುರ್ ರಾಣಿಯಲ್ಲಿ, ನಿಮ್ಹಾನ್ಸ್‌ನವರು ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಇದನ್ನು ಮಾಡಿ ನೋಡಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಆದರೆ ನಾಲ್ಕು ಹಳ್ಳಿಯಲ್ಲಿ ಆದದ್ದು ಇಡೀ ಜಿಲ್ಲೆಯಲ್ಲಿ ಆಗುತ್ತದಾ ಅನ್ನೋದಕ್ಕೆ ಯಾರ ಬಳಿಯೂ ಉತ್ತರ ಇರಲಿಲ್ಲ. ಉತ್ತರ ಹುಡುಕಲು ನಿಮ್ಹಾನ್ಸ್ 1985ರಲ್ಲಿ ಆರಿಸಿಕೊಂಡದ್ದು ಬಳ್ಳಾರಿಯನ್ನು. ಹದಿನೈದು ಲಕ್ಷಕ್ಕೂ ಹೆಚ್ಚು ಜನರಿದ್ದ ದೊಡ್ಡ ಜಿಲ್ಲೆ. ಬಿಸಿಲು, ಗಣಿ, ತುಂಗಭದ್ರೆಯ ಕಾಲುವೆ, ಕಾಲುವೆಯ ನೀರು ಕಾಣದ ಒಣ ತಾಲ್ಲೂಕುಗಳು. ಆಗಿನ ಹೊಸಪೇಟೆ, ಹಡಗಲಿ, ಕೂಡ್ಲಿಗಿಗಳೆಲ್ಲ ಈಗ ವಿಜಯನಗರ ಜಿಲ್ಲೆಗೆ ಸೇರಿವೆ.

ಕೆಲಸದ ರೀತಿ ಬಹಳ ಸರಳವಾಗಿತ್ತು. ಹೊಸ ಕಟ್ಟಡ ಕಟ್ಟಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಜ್ವರ, ಕೆಮ್ಮು ನೋಡುತ್ತಿದ್ದ ಡಾಕ್ಟರಿಗೇ ಕೆಲವು ದಿನ ತರಬೇತಿ ಕೊಟ್ಟರು. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಏನು ನೋಡಬೇಕು ಅಂತ ಹೇಳಿಕೊಟ್ಟರು: ಒಬ್ಬೊಬ್ಬರೇ ಮಾತಾಡಿಕೊಳ್ಳುವವರು, ಸ್ನಾನ ಊಟ ಬಿಟ್ಟವರು, ಸಾಯಬೇಕು ಅನ್ನುವವರು, ಮೂರ್ಛೆ ಬರುವವರು. ಮೂರ್ಛೆ ರೋಗವನ್ನೂ ಸೇರಿಸಿಕೊಂಡದ್ದು ಜಾಣತನ ಅಂತ ನನಗನಿಸುತ್ತದೆ. ಮಾತ್ರೆಯಿಂದ ಮಗುವಿನ ಫಿಟ್ಸ್ ನಿಂತದ್ದನ್ನು ಕಂಡ ಓಣಿ, ಮಂಕಾಗಿ ಕೂತ ಸೊಸೆಯನ್ನೂ ಅದೇ ದವಾಖಾನೆಗೆ ಕಳಿಸಲು ಒಪ್ಪುತ್ತದೆ, ಅಲ್ವಾ? ಕೆಲವೇ ಬಗೆಯ ಔಷಧಿ ಇತ್ತು. ದಿನಾ ಮಾತ್ರೆ ನುಂಗಲು ಒಪ್ಪದವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್ ಇತ್ತು. ಕಷ್ಟದ ಕೇಸುಗಳಿಗೆ ಜಿಲ್ಲಾ ಮಟ್ಟದಲ್ಲಿ ಮನೋವೈದ್ಯರಿದ್ದರು. ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್ ಅವರಂಥ ನಿಮ್ಹಾನ್ಸ್ ವೈದ್ಯರ ತಂಡ ಇದರ ಹಿಂದಿತ್ತು. ಆಗಿನ್ನೂ 1912ರ ಕಾಯ್ದೆಯೇ ನಡೆಯುತ್ತಿತ್ತು. ಕಾನೂನು ಗೋಡೆಯ ಮಾತಾಡುತ್ತಿದ್ದಾಗ ಬಳ್ಳಾರಿಯ ನರ್ಸಮ್ಮಂದಿರು ಅಂಗಳದಲ್ಲಿ ಕೂತು ಮಾತಾಡುತ್ತಿದ್ದರು.

ಇದನ್ನೇ ಮಾದರಿ ಮಾಡಿಕೊಂಡು ಕೇಂದ್ರ ಸರ್ಕಾರ 1996ರಲ್ಲಿ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಈಗ ಅದು 700ಕ್ಕೂ ಹೆಚ್ಚು ಜಿಲ್ಲೆಗಳಿಗೆ ಮಂಜೂರಾಗಿದೆ. ನಡುವೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿತ್ತು. ದರ್ಗಾದ ಸುತ್ತ ಮನಸ್ಸಿನ ಕಾಯಿಲೆಯವರನ್ನು ಇಡುತ್ತಿದ್ದ ಖಾಸಗಿ ಆಶ್ರಯಗಳಲ್ಲೊಂದಕ್ಕೆ ಬಿದ್ದ ಬೆಂಕಿ ಅದು. ಸರಪಳಿಯಲ್ಲಿದ್ದವರು ಓಡಲಾಗಲಿಲ್ಲ. 28 ಜನ ಸತ್ತರು. ಆ ಸುದ್ದಿ ಓದಿದ ಮೇಲೆ ಕೊಟ್ಟಿಗೆಯ ಹಗ್ಗವನ್ನು ನಾನು ಮೊದಲಿನ ಹಾಗೆ ನೋಡಲು ಆಗಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿತು. ಅದರ 19ನೇ ಸೆಕ್ಷನ್ ನನಗೆ ಬಹಳ ಮುಖ್ಯ. ಮನೆಯವರು ಕೈಬಿಟ್ಟರು, ಇರಲು ಜಾಗ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಅನ್ನುತ್ತದೆ ಅದು. ಅವರಿಗೆ ಊರಿನ ನಡುವೆ ಬದುಕುವ ಹಕ್ಕಿದೆ. ಅದಕ್ಕೆ ಬೇಕಾದ ಆಸರೆಮನೆಗಳನ್ನು ಸರ್ಕಾರವೇ ಮಾಡಬೇಕು.

ಕರ್ನಾಟಕದಲ್ಲಿ ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಡು. 2022ರಿಂದ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇವೆಲ್ಲ ಸಣ್ಣ ವಿಷಯಗಳಲ್ಲ. ಆದರೂ 2015–16ರ ರಾಷ್ಟ್ರೀಯ ಸಮೀಕ್ಷೆಯನ್ನು ನೋಡಿ. ಕಾಯಿಲೆಗೆ ತಕ್ಕಂತೆ ನೂರರಲ್ಲಿ 70ರಿಂದ 92 ಜನರಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ.

ನನ್ನ ತಕರಾರು ಇಷ್ಟೇ. ದೇಶ ಬಳ್ಳಾರಿಯಿಂದ ಮಾತ್ರೆಯನ್ನು ತೆಗೆದುಕೊಂಡಿತು, ಅಂಗಳದ ಮಾತನ್ನು ಅಷ್ಟಾಗಿ ತೆಗೆದುಕೊಳ್ಳಲಿಲ್ಲ. ಕಾಯಿಲೆ ಏರಿದ ಆ ನಾಲ್ಕೈದು ರಾತ್ರಿಗೆ ಇವತ್ತಿಗೂ ನಮ್ಮ ಹಳ್ಳಿಗಳ ಹತ್ತಿರ ಜಾಗ ಇಲ್ಲ. ಇಟಲಿಯ ಟ್ರೀಸ್ಟೆ ಊರಲ್ಲಿ ಮನೋವೈದ್ಯ ಫ್ರಾಂಕೋ ಬಸಾಲಿಯಾ 1971ರಿಂದ ಅಂಥ ಜಾಗದ ದಾರಿ ಮಾಡಿ ತೋರಿಸಿದರು. ದೊಡ್ಡ ಆಸ್ಪತ್ರೆ ಮುಚ್ಚಿತು. ಅದರ ಬದಲು ಬಡಾವಣೆಗಳಲ್ಲಿ ಇಪ್ಪತ್ತನಾಲ್ಕು ಗಂಟೆ ತೆರೆದಿರುವ ಸಣ್ಣ ಕೇಂದ್ರಗಳು ಬಂದವು, ಕೆಲವೇ ಹಾಸಿಗೆಗಳೊಂದಿಗೆ. ನಮ್ಮ ಹೋಬಳಿಗೊಂದು ಅಂಥ ಮನೆ ಇದ್ದರೆ, ತಾಯಿಯೂ ಜೊತೆಗೆ ಮಲಗುವ ಹಾಗಿದ್ದರೆ, ರಾತ್ರಿ ಬಸ್ಸಿನ ಪ್ರಯಾಣ ಎಷ್ಟೋ ಜನರಿಗೆ ಬೇಕಾಗುವುದೇ ಇಲ್ಲ.

ಇನ್ನೊಂದು ಮಾತು. ರಾಯಚೂರು, ಕೊಪ್ಪಳದ ಕಡೆ ಇದನ್ನು ಹೇಳದಿದ್ದರೆ ಆಗುವುದಿಲ್ಲ. ಮನೆಯವರು ನೋಡಿಕೊಳ್ಳುತ್ತಾರೆ ಅನ್ನುವಾಗ ಮನೆಯಲ್ಲಿ ಜನ ಇರಬೇಕಲ್ಲ! ಮಳೆ ಕೈಕೊಟ್ಟರೆ ಇಲ್ಲಿ ಗುಳೆ ಶುರು. ದುಡಿಯುವ ಕೈಗಳೆಲ್ಲ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುತ್ತವೆ. ಊರಲ್ಲಿ ಉಳಿಯುವವರು ಮುದುಕರು ಮತ್ತು ಕಾಯಿಲೆಯವರು. ಕಣ್ಣು ಮಂಜಾದ ಅಜ್ಜಿಗೆ ಯಾವ ಮಾತ್ರೆ ಬೆಳಿಗ್ಗೆ, ಯಾವುದು ರಾತ್ರಿ ಅಂತ ಗೊತ್ತಾಗುವುದಿಲ್ಲ. ಜೊತೆಗೆ ಕರೆದುಕೊಂಡು ಹೋದರೆ ಶೆಡ್ಡಿನಲ್ಲಿ ಮಾತ್ರೆ ಮುಗಿದ ದಿನ ಯಾರನ್ನು ಕೇಳುವುದು? ಆರು ತಿಂಗಳು ಚೆನ್ನಾಗಿದ್ದವರು ಹೀಗೇ ಮತ್ತೆ ಕುಸಿಯುತ್ತಾರೆ. ಗುಳೆ ಹೊರಡುವ ಮೊದಲೇ ಆಶಾ ಕಾರ್ಯಕರ್ತೆ ಆ ಮನೆಗೆ ಹೋಗಬೇಕು. ಸುಮ್ನೆ ಚೀಟಿ ಬರೆದುಕೊಳ್ಳುವುದಕ್ಕಲ್ಲ. ಕೂತು ಕೇಳಬೇಕು: ‘ಅಕ್ಕಾ, ನೀವು ಬರುವ ತನಕ ತಮ್ಮನ ಮಾತ್ರೆ ಯಾರ ಕೈಯಲ್ಲಿ ಕೊಟ್ಟು ಹೋಗ್ತೀರಿ?’